ಊರೆಲ್ಲ ಒಂದೇ ಗ್ರೂಪಿನಲ್ಲಿ: ಸಣ್ಣ ಪಟ್ಟಣದ ವಾರಕ್ಕೆ ವಾಟ್ಸ್‌ಆ್ಯಪ್ ಎಷ್ಟರ ಮಟ್ಟಿಗೆ ಒದಗುತ್ತದೆ?

ಕಚೇರಿಯ ಕೆಲಸಕ್ಕೆ, ಹಳೆಯ ಸಹಪಾಠಿಗಳ ಹರಟೆಗೆ, ದೂರದೂರದಲ್ಲಿ ನೆಲೆಸಿದ ಕುಟುಂಬದವರ ಸಂಪರ್ಕಕ್ಕೆ ವಾಟ್ಸ್‌ಆ್ಯಪ್ ಗ್ರೂಪ್ ಹೇಗಿದೆ ಎಂಬ ಬಗ್ಗೆ ಬೇಕಾದಷ್ಟು ವಿಮರ್ಶೆಗಳು ಬಂದಿವೆ. ಊರಿಗೆ ಊರೇ ಒಂದು ಗ್ರೂಪಿನೊಳಗೆ ಸೇರಿಕೊಂಡಿರುವ ಸಣ್ಣ ಪಟ್ಟಣದಲ್ಲಿ ಇದೇ ಸೇವೆ ಎದುರಿಸುವ ಪರೀಕ್ಷೆ ಬೇರೆ ಬಗೆಯದು. ಅಲ್ಲಿ ರಾತ್ರಿ ಗ್ರೂಪಿನಲ್ಲಿ ಮಾತಿಗೆ ಮಾತು ಬೆಳೆಸಿದ ಇಬ್ಬರು ಬೆಳಗಾದರೆ ಒಂದೇ ಔಷಧದಂಗಡಿಯ ಮುಂದೆ ಎದುರುಬದುರಾಗುತ್ತಾರೆ. ಅವರ ಮಕ್ಕಳು ಒಂದೇ ತರಗತಿಯಲ್ಲಿ ಕೂರುತ್ತಾರೆ. ಒಬ್ಬರ ಮನೆಯಲ್ಲಿ ಸಾವಾದರೆ ಇನ್ನೊಬ್ಬರು ಹೋಗದೆ ಇರುವಂತಿಲ್ಲ. ಆದ್ದರಿಂದ ಸಂದೇಶ ಎಷ್ಟು ಬೇಗ ತಲುಪುತ್ತದೆ, ಚಿತ್ರ ಎಷ್ಟು ಸ್ಪಷ್ಟವಾಗಿ ಬರುತ್ತದೆ ಎಂಬುದಕ್ಕಿಂತ, ಯಾರ ಮನಸ್ಸಿಗೂ ಬೇಸರವಾಗದಂತೆ ಸುಮ್ಮನಿರಲು ಈ ಸೇವೆ ಎಷ್ಟು ಅವಕಾಶ ಕೊಡುತ್ತದೆ ಎಂಬ ಪ್ರಶ್ನೆಯೇ ಅಲ್ಲಿ ಮುಖ್ಯವಾಗುತ್ತದೆ. ಸೋಮವಾರದಿಂದ ಭಾನುವಾರದವರೆಗೆ ಊರೊಂದರಲ್ಲಿ ಸಾಮಾನ್ಯವಾಗಿ ನಡೆಯುವ ಸಂಗತಿಗಳನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಗೆ ಉತ್ತರ ಹುಡುಕುವುದು ಈ ವಿಮರ್ಶೆಯ ಉದ್ದೇಶ.

ಜಾನ್ ಕೌಮ್ ಮತ್ತು ಬ್ರಯಾನ್ ಆ್ಯಕ್ಟನ್ 2009ರಲ್ಲಿ ಆರಂಭಿಸಿದ ವಾಟ್ಸ್‌ಆ್ಯಪ್‌ಗೆ ಗ್ರೂಪ್ ಸೌಲಭ್ಯ ಬಂದದ್ದು 2011ರಲ್ಲಿ. 2014ರಲ್ಲಿ ಫೇಸ್‌ಬುಕ್ ಸುಮಾರು 1,900 ಕೋಟಿ ಡಾಲರ್‌ಗೆ ಕಂಪನಿಯನ್ನು ಕೊಳ್ಳುವುದಾಗಿ ಪ್ರಕಟಿಸಿತು. ಊರಿನ ದೃಷ್ಟಿಯಿಂದ ನೋಡಿದರೆ ಈ ಚರಿತ್ರೆಗಿಂತ ಮುಖ್ಯವಾದದ್ದು ಸದಸ್ಯರ ಮಿತಿ. ಅದು 2016ರಲ್ಲಿ 256ಕ್ಕೆ ಏರಿತು. 2022ರಲ್ಲಿ ಮೊದಲು 512ಕ್ಕೂ ಅದೇ ವರ್ಷದ ನವೆಂಬರ್‌ನಲ್ಲಿ 1,024ಕ್ಕೂ ಹೋಯಿತು. 256 ಜನರೆಂದರೆ ಒಂದೆರಡು ಬೀದಿ ಅಥವಾ ಒಂದು ಸಂಘ. ಸಾವಿರದ ಮೇಲೆಂದರೆ ಮನೆಗೊಬ್ಬರಂತೆ ಹಿಡಿದರೂ ಒಂದು ಪುಟ್ಟ ಪಟ್ಟಣವೇ ಒಳಗೆ ಬಂದಂತೆ. ಬೀದಿಯ ಅಳತೆಗೆ ರೂಪುಗೊಂಡ ಗ್ರೂಪನ್ನು ಊರಿನ ಅಳತೆಗೆ ಹಿಗ್ಗಿಸಲಾಯಿತು. ಊರಿನ ಅಳತೆಗೆ ಬೇಕಾದ ಹತೋಟಿಯ ಸಾಧನಗಳಲ್ಲಿ ಕೆಲವು ಜೊತೆಗೇ ಬಂದವು, ಕೆಲವು ಅರ್ಧಂಬರ್ಧ ಬಂದವು, ಇನ್ನು ಕೆಲವು ಬರಲೇ ಇಲ್ಲ.

ಮೊದಲು ಇದರ ಬಲವನ್ನು ಹೇಳಬೇಕು. ಪ್ರಕಟಣೆಯ ಕೆಲಸದಲ್ಲಿ ಇದಕ್ಕೆ ಸಾಟಿಯಿಲ್ಲ. ನೀರು ಬಿಡುವ ಹೊತ್ತು ಬದಲಾದದ್ದು, ಮಧ್ಯಾಹ್ನದವರೆಗೆ ಕರೆಂಟ್ ಇರುವುದಿಲ್ಲವೆಂಬುದು, ಸೇತುವೆಯ ಬಳಿ ಮರ ಬಿದ್ದು ರಸ್ತೆ ಕಟ್ಟಿಕೊಂಡದ್ದು, ಯಾರಿಗೋ ತುರ್ತಾಗಿ ರಕ್ತ ಬೇಕಾದದ್ದು, ಇವೆಲ್ಲ ಒಂದು ಸಾಲಿನಲ್ಲಿ ಎಲ್ಲರಿಗೂ ಮುಟ್ಟುತ್ತವೆ. ಕಳೆದುಹೋದ ವಸ್ತುವಿನ ವಿಚಾರದಲ್ಲಿ ಗ್ರೂಪು ಹೇಗೆ ಕೆಲಸ ಮಾಡುತ್ತದೆಂಬುದನ್ನು ನೋಡುವುದೇ ಒಂದು ಸೊಗಸು. ಬಸ್ ನಿಲ್ದಾಣದ ಬಳಿ ಕೀಲಿಗೊಂಚಲು ಸಿಕ್ಕಿದರೆ ಅವಸರದವರು ತಕ್ಷಣ ಅದರ ಫೋಟೊ ಹಾಕುತ್ತಾರೆ. ತಿಳಿದವರು ಫೋಟೊ ಹಾಕುವುದಿಲ್ಲ, ಗೊಂಚಲಿಗೆ ಕಟ್ಟಿರುವ ದಾರದ ಬಣ್ಣ ಯಾವುದು, ಕೀಲಿಗಳು ಎಷ್ಟಿವೆ ಎಂದು ಹೇಳಿದವರಿಗೆ ಕೊಡುವುದಾಗಿ ಬರೆಯುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಕಳೆದುಕೊಂಡವರ ಪಕ್ಕದ ಮನೆಯವರು ಅವರನ್ನು ಎಚ್ಚರಿಸುತ್ತಾರೆ, ಸಂಜೆಯೊಳಗೆ ಕೀಲಿ ಮನೆ ಸೇರುತ್ತದೆ. ಇಲ್ಲಿ ಅರ್ಧ ಕೆಲಸ ಮಾಡಿದ್ದು ಆ್ಯಪ್, ಉಳಿದರ್ಧ ಮಾಡಿದ್ದು ಊರಿನವರಿಗೆ ಪರಸ್ಪರ ಇರುವ ಪರಿಚಯ. ಅಪರಿಚಿತರೇ ತುಂಬಿದ ಸಾವಿರ ಜನರ ಗ್ರೂಪಿನಲ್ಲಿ ಇದೇ ಸಂದೇಶಕ್ಕೆ ಇಷ್ಟು ಬೇಗ ಫಲ ಸಿಗುವುದು ಅನುಮಾನ.

ಪ್ರಕಟಣೆ ಮುಟ್ಟುವುದು ಸುಲಭ, ಉಳಿಯುವುದು ಕಷ್ಟ. ಬೆಳಿಗ್ಗೆ ಏಳಕ್ಕೆ ಹಾಕಿದ ನೀರಿನ ಸಮಯ ಎಂಟರೊಳಗೆ ಸೂರ್ಯೋದಯದ ಚಿತ್ರಗಳು, ಗುಲಾಬಿ ಹೂವುಗಳು ಮತ್ತು ಸುಭಾಷಿತಗಳ ಅಡಿಯಲ್ಲಿ ಹೂತುಹೋಗುತ್ತದೆ. ಒಂಬತ್ತಕ್ಕೆ ಎದ್ದವರು ಇವತ್ತು ನೀರು ಎಷ್ಟು ಹೊತ್ತಿಗೆ ಎಂದು ಮತ್ತೆ ಕೇಳುತ್ತಾರೆ. ಉತ್ತರಿಸಿದವರಿಗೆ ಮೂವರು ಧನ್ಯವಾದ ಹೇಳುತ್ತಾರೆ. ಆ ಧನ್ಯವಾದಗಳ ಸದ್ದಿಗೆ ಸಾವಿರ ಫೋನುಗಳು ಮಿಡಿಯುತ್ತವೆ. ಸಂದೇಶವನ್ನು ಗ್ರೂಪಿನ ನೆತ್ತಿಯ ಮೇಲೆ ಪಿನ್ ಮಾಡಿಡುವ ಸೌಲಭ್ಯ 2023ರ ಡಿಸೆಂಬರ್‌ನಲ್ಲಿ ಬಂತು. 24 ಗಂಟೆ, 7 ದಿನ, 30 ದಿನ ಎಂಬ ಮೂರು ಅವಧಿಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ವಾರದ ಲೆಕ್ಕದಲ್ಲಿ ಬದುಕುವ ಊರಿಗೆ 7 ದಿನದ ಪಿನ್ ಹೇಳಿ ಮಾಡಿಸಿದಂತಿದೆ. ಅದನ್ನು ಬಳಸಿಕೊಳ್ಳುವ ಅಡ್ಮಿನ್‌ಗಳು ಮಾತ್ರ ವಿರಳ. ಇದಕ್ಕೆ ಅಡ್ಮಿನ್‌ಗಳನ್ನು ಮಾತ್ರ ದೂರುವಂತಿಲ್ಲ. ಸಂದೇಶದ ಮೇಲೆ ಬೆರಳೊತ್ತಿ ಹಿಡಿದರಷ್ಟೇ ಕಾಣಿಸುವ ಮೆನುವಿನೊಳಗೆ ಈ ಸೌಲಭ್ಯವನ್ನು ಇಟ್ಟಿರುವುದರಿಂದ, ಯಾರಾದರೂ ತೋರಿಸಿಕೊಡುವವರೆಗೆ ಅದು ಇದೆಯೆಂದೇ ಅನೇಕರಿಗೆ ಗೊತ್ತಾಗುವುದಿಲ್ಲ.

ವಾರದ ನಡುವೆ ಊರಿನಲ್ಲಿ ಒಂದು ಸಾವಾಯಿತೆಂದು ಇಟ್ಟುಕೊಳ್ಳೋಣ. ಈ ಸೇವೆಯ ಗುಣವೂ ದೋಷವೂ ಒಟ್ಟಿಗೆ ಬಯಲಾಗುವುದು ಅಂದೇ. ಸುದ್ದಿ ಎಷ್ಟು ಬೇಗ ಹರಡುತ್ತದೆಂದರೆ, ಹತ್ತಿರದ ಬಂಧುಗಳಿಗೆ ಫೋನ್ ಮಾಡಲು ಮನೆಯವರು ಇನ್ನೂ ನಂಬರ್ ಹುಡುಕುತ್ತಿರುವಾಗಲೇ ಯಾರೋ ಅತ್ಯುತ್ಸಾಹಿಗಳು ಮೃತರ ಹಳೆಯ ಫೋಟೊ ಹುಡುಕಿ ಗ್ರೂಪಿಗೆ ಹಾಕಿಬಿಟ್ಟಿರುತ್ತಾರೆ. ಬೇರೆ ಊರಿನಲ್ಲಿರುವ ಮಗಳಿಗೆ ತಂದೆಯ ಸಾವು ತಿಳಿಯುವುದು ಆ ಫೋಟೊದಿಂದ. ಹಿಂದೆ ಇಂಥ ಸುದ್ದಿ ಬಾಯಿಂದ ಬಾಯಿಗೆ ಹೋಗುವಾಗ, ಮೊದಲು ಯಾರಿಗೆ, ಯಾವ ಮಾತಿನಲ್ಲಿ, ಯಾರ ಮೂಲಕ ತಿಳಿಸಬೇಕೆಂಬ ವಿವೇಚನೆ ಹೇಳುವವರಲ್ಲಿ ತಾನಾಗಿಯೇ ಕೆಲಸ ಮಾಡುತ್ತಿತ್ತು. ಗ್ರೂಪಿಗೆ ಗೊತ್ತಿರುವುದು ಎರಡೇ ಅಳತೆ: ಎಲ್ಲರಿಗೂ, ಅಥವಾ ಯಾರಿಗೂ ಇಲ್ಲ.

ಆಮೇಲೆ ಸಂತಾಪಗಳ ಸರದಿ. 2022ರ ಮೇ ತಿಂಗಳಿಗಿಂತ ಮೊದಲು ಪ್ರತಿಯೊಬ್ಬರೂ ಒಂದು ಸಾಲು ಬರೆಯಬೇಕಿತ್ತು, ಇಲ್ಲವೇ ಕೈಮುಗಿದ ಚಿತ್ರವನ್ನು ಬೇರೆ ಸಂದೇಶವಾಗಿ ಕಳುಹಿಸಬೇಕಿತ್ತು. ಅಂತ್ಯಕ್ರಿಯೆ ಎಷ್ಟು ಹೊತ್ತಿಗೆ ಎಂಬ ಮುಖ್ಯ ಮಾಹಿತಿ ಆ ನೂರಾರು ಕೈಗಳ ನಡುವೆ ಎಲ್ಲೋ ಸಿಕ್ಕಿಕೊಂಡಿರುತ್ತಿತ್ತು. ಸಂದೇಶದ ಮೇಲೆಯೇ ಪ್ರತಿಕ್ರಿಯೆಯ ಗುರುತು ಅಂಟಿಸುವ ಸೌಲಭ್ಯ ಆ ತಿಂಗಳು ಬಂದಾಗ ಆರು ಗುರುತುಗಳಿದ್ದವು: ಮೇಲೆತ್ತಿದ ಹೆಬ್ಬೆರಳು, ಹೃದಯ, ನಗುವಿನಲ್ಲಿ ಕಣ್ಣೀರು ಬಂದ ಮುಖ, ಬೆರಗಿನ ಮುಖ, ಅಳುವ ಮುಖ, ಜೋಡಿಸಿದ ಕೈಗಳು. ಗದ್ದಲ ತಗ್ಗಿಸುವ ಮಟ್ಟಿಗೆ ಇದು ಈ ಸೇವೆಯ ಅತ್ಯುತ್ತಮ ಸುಧಾರಣೆಗಳಲ್ಲಿ ಒಂದು. ಆದರೆ ಸಾವಿನ ಸುದ್ದಿಯ ಮೇಲೆ ಬೆರಳಿಟ್ಟಾಗಲೂ ನಗುವ ಮುಖ ಆ ಸಾಲಿನ ನಡುವೆಯೇ ಇರುತ್ತದೆ, ಅಳುವ ಮುಖದಿಂದ ಒಂದೇ ಮನೆ ದೂರದಲ್ಲಿ. ಕನ್ನಡಕ ಬದಿಗಿಟ್ಟು ಫೋನ್ ಹಿಡಿದ ಹಿರಿಯರ ಹೆಬ್ಬೆರಳು ಅಷ್ಟಿಷ್ಟು ಜಾರಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಗುರುತಿನ ಮೇಲೆ ಒತ್ತಿದರೆ ಅದನ್ನು ಹಾಕಿದವರ ಹೆಸರೂ ಕಾಣುತ್ತದೆ. ಅದನ್ನು ಹಿಂತೆಗೆದುಕೊಳ್ಳುವುದು ಸುಲಭ, ಹಿಂತೆಗೆದುಕೊಳ್ಳುವಷ್ಟರಲ್ಲಿ ನೋಡಿದವರ ಬಾಯಿ ಕಟ್ಟುವುದು ಸುಲಭವಲ್ಲ.

ಇನ್ನೂ ಸೂಕ್ಷ್ಮವಾದ ಒಂದು ಬದಲಾವಣೆಯಿದೆ. ಜೋಡಿಸಿದ ಕೈಗಳನ್ನು ಒತ್ತಿದವರಿಗೆ ತಮ್ಮ ಕರ್ತವ್ಯ ಮುಗಿಯಿತೆನ್ನಿಸುತ್ತದೆ. ಹಿಂದೆ ಮನೆಯವರೆಗೆ ಹೋಗಿ, ಮಾತಾಡಲು ತೋಚದೆ ಸ್ವಲ್ಪ ಹೊತ್ತು ಕೂತು ಬರುತ್ತಿದ್ದವರು ಈಗ ಗುರುತು ಒತ್ತಿ ಮುಂದಿನ ಸಂದೇಶಕ್ಕೆ ಹೋಗುತ್ತಾರೆ. ಇದನ್ನು ಆ್ಯಪಿನ ದೋಷವೆನ್ನುವುದು ನ್ಯಾಯವಲ್ಲ. ಹೋಗಲು ಆಗದವರಿಗೆ, ಹಾಸಿಗೆ ಹಿಡಿದವರಿಗೆ, ದೂರದಲ್ಲಿರುವವರಿಗೆ ಅದೇ ಗುರುತು ದೊಡ್ಡ ಅನುಕೂಲ. ಹೋಗಬಲ್ಲವರಿಗೂ ಅದು ಸಾಕೆಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ ಎಂಬುದನ್ನಂತೂ ಅಲ್ಲಗಳೆಯಲಾಗದು.

ಅವಸರದಲ್ಲಿ ಹಾಕಿದ ಸಂದೇಶವನ್ನು ಎಲ್ಲರ ಫೋನಿನಿಂದ ಅಳಿಸುವ ಸೌಲಭ್ಯ 2017ರಿಂದ ಇದೆ. ಆಗ ಅದಕ್ಕಿದ್ದ ಅವಧಿ 7 ನಿಮಿಷ. 2022ರಲ್ಲಿ ಎರಡು ದಿನಕ್ಕೂ ಸ್ವಲ್ಪ ಹೆಚ್ಚಾಗಿಸಲಾಯಿತು. ಅದೇ ವರ್ಷ ಅಡ್ಮಿನ್‌ಗಳಿಗೂ ಇತರರ ಸಂದೇಶಗಳನ್ನು ಅಳಿಸುವ ಅಧಿಕಾರ ಸಿಕ್ಕಿತು. ಮೇಲೆ ಹೇಳಿದ ಫೋಟೊದಂಥ ಸಂದರ್ಭದಲ್ಲಿ ಇದು ನಿಜಕ್ಕೂ ನೆರವಾಗುತ್ತದೆ. ಆದರೆ ಅಳಿಸಿದ ಜಾಗದಲ್ಲಿ, ಇಲ್ಲೊಂದು ಸಂದೇಶವಿತ್ತು ಮತ್ತು ಅದನ್ನು ಅಳಿಸಲಾಗಿದೆ ಎಂಬ ಸಾಲು ಉಳಿಯುತ್ತದೆ. ನಗರದ ಗ್ರೂಪಿನಲ್ಲಿ ಆ ಸಾಲನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಸಣ್ಣ ಊರಿನಲ್ಲಿ ಅಳಿಸಿದ ಸಂದೇಶ ಅಳಿಸದ ಸಂದೇಶಕ್ಕಿಂತ ಹೆಚ್ಚು ಮಾತಿಗೆ ವಸ್ತುವಾಗುತ್ತದೆ. ಅಷ್ಟರೊಳಗೆ ಓದಿದ್ದವರ ಮನೆಗೆ ಉಳಿದವರ ಫೋನ್ ಕರೆಗಳು ಶುರುವಾಗುತ್ತವೆ. 2023ರ ಮೇ ತಿಂಗಳಲ್ಲಿ ಬಂದ ತಿದ್ದುವ ಸೌಲಭ್ಯ ಇದಕ್ಕಿಂತ ಮೇಲು. ಕಳುಹಿಸಿದ 15 ನಿಮಿಷಗಳೊಳಗೆ ಮಾತನ್ನು ಸರಿಪಡಿಸಬಹುದು, ತಿದ್ದಲಾಗಿದೆ ಎಂಬ ಸಣ್ಣ ಗುರುತಷ್ಟೇ ಉಳಿಯುತ್ತದೆ.

ಇನ್ನು ಸುಮ್ಮನಿರುವ ಹಕ್ಕಿನ ಮಾತು. 2014ರ ನವೆಂಬರ್‌ನಲ್ಲಿ ಬಂದ ನೀಲಿ ಟಿಕ್ ಬೇಡವೆನ್ನುವವರು ಸೆಟ್ಟಿಂಗ್‌ನಲ್ಲಿ ಅದನ್ನು ನಿಲ್ಲಿಸಬಹುದು; ಆದರೆ ಆ ನಿಲುಗಡೆ ಇಬ್ಬರ ನಡುವಿನ ಮಾತುಕತೆಗೆ ಮಾತ್ರ ಅನ್ವಯಿಸುತ್ತದೆ, ಗ್ರೂಪಿಗೆ ಅನ್ವಯಿಸುವುದಿಲ್ಲ. ಗ್ರೂಪಿನಲ್ಲಿ ಸಂದೇಶ ಕಳುಹಿಸಿದವರು ಅದರ ಮಾಹಿತಿಯನ್ನು ತೆರೆದರೆ ಯಾರು ಯಾರು ಎಷ್ಟು ಹೊತ್ತಿಗೆ ಓದಿದರು ಎಂಬ ಪಟ್ಟಿಯೇ ಸಿಗುತ್ತದೆ. ಕಚೇರಿಯಲ್ಲಿ ಈ ಪಟ್ಟಿ ಉಪಯುಕ್ತ. ಊರಿನಲ್ಲಿ ಇದು ಹಾಜರಿ ಪುಸ್ತಕವಾಗುತ್ತದೆ. ಶಾಲೆಯ ಅಂಗಳ ಸ್ವಚ್ಛಗೊಳಿಸಲು ಗುರುವಾರ ಸಂಜೆ ಬನ್ನಿ ಎಂದು ಕರೆದವರು, ಬಾರದಿದ್ದವರು ಎದುರು ಸಿಕ್ಕಾಗ, ನಿಮಗೆ ಗೊತ್ತಾಗಲಿಲ್ಲವೇನೋ ಎಂದು ಕೇಳುವುದಿಲ್ಲ. ಬೆಳಿಗ್ಗೆ ಎಂಟೂ ಹತ್ತಕ್ಕೇ ನೋಡಿದ್ದಿರಲ್ಲ ಎನ್ನುತ್ತಾರೆ. ಗೊತ್ತಾಗಲಿಲ್ಲ ಎಂಬ ಸುಳ್ಳು ಸಣ್ಣ ಊರಿನ ಬಾಳುವೆಗೆ ಅತ್ಯಗತ್ಯವಾದ ಒಂದು ಸೌಜನ್ಯವಾಗಿತ್ತು. ಹೇಳುವವರಿಗೂ ಅದು ಸುಳ್ಳೆಂದು ಗೊತ್ತು, ಕೇಳುವವರಿಗೂ ಗೊತ್ತು, ಆದರೂ ಇಬ್ಬರ ಮರ್ಯಾದೆಯೂ ಉಳಿಯುತ್ತಿತ್ತು. ಆ ಸೌಜನ್ಯಕ್ಕೆ ಈ ಸೇವೆಯಲ್ಲಿ ಜಾಗವಿಲ್ಲ. ನನ್ನ ದೃಷ್ಟಿಯಲ್ಲಿ ಇದರ ಅತಿ ದೊಡ್ಡ ಕೊರತೆ ಇದೇ, ಮತ್ತು ಇಷ್ಟು ವರ್ಷಗಳಲ್ಲಿ ಅದನ್ನು ಸರಿಪಡಿಸುವ ಗಂಭೀರ ಪ್ರಯತ್ನ ಕಂಡಿಲ್ಲ.

ಸದ್ದಿನಿಂದ ತಪ್ಪಿಸಿಕೊಳ್ಳಲು ಮ್ಯೂಟ್ ಇದೆ: 8 ಗಂಟೆ, 1 ವಾರ, ಅಥವಾ 2020ರಿಂದ ಸಿಕ್ಕಿರುವಂತೆ ಶಾಶ್ವತವಾಗಿ. ಮ್ಯೂಟ್ ಮಾಡಿದ್ದು ಯಾರಿಗೂ ತಿಳಿಯುವುದಿಲ್ಲವಾದ್ದರಿಂದ ಇದು ನಿಜವಾದ ಸೌಜನ್ಯದ ಸಾಧನ. ಹೊರಗೆ ಹೋಗುವ ವಿಚಾರದಲ್ಲಿ ಇದೇ ಮಾತು ಹೇಳುವಂತಿಲ್ಲ. 2022ಕ್ಕಿಂತ ಮೊದಲು ಯಾರಾದರೂ ಗ್ರೂಪ್ ಬಿಟ್ಟರೆ ಎಲ್ಲರಿಗೂ ಕಾಣುವಂತೆ ಒಂದು ಸಾಲು ಮೂಡುತ್ತಿತ್ತು. ಊರಿನಲ್ಲಿ ಅದು ಸಭೆಯ ನಡುವೆ ಎದ್ದು ಬಾಗಿಲು ಬಡಿದುಕೊಂಡು ಹೊರನಡೆದಂತೆಯೇ. ಆ ವರ್ಷದ ಆಗಸ್ಟ್‌ನಲ್ಲಿ ಸದ್ದಿಲ್ಲದೆ ಹೊರಹೋಗುವ ಸೌಲಭ್ಯವನ್ನು ಪ್ರಕಟಿಸಲಾಯಿತು, ಇನ್ನು ಮುಂದೆ ಅಡ್ಮಿನ್‌ಗಳಿಗೆ ಮಾತ್ರ ತಿಳಿಯುತ್ತದೆ ಎನ್ನಲಾಯಿತು. ಅದರ ಬೆನ್ನಿಗೇ ಗ್ರೂಪಿನ ವಿವರಗಳೊಳಗೆ, ಕಳೆದ 60 ದಿನಗಳಲ್ಲಿ ಹೊರಹೋದವರ ಪಟ್ಟಿಯನ್ನು ಯಾವ ಸದಸ್ಯರಾದರೂ ನೋಡಬಹುದಾದ ಒಂದು ಜಾಗವನ್ನೂ ಇಡಲಾಯಿತು. ಬಾಗಿಲು ಸದ್ದು ಮಾಡದಂತೆ ಎಣ್ಣೆ ಬಿಟ್ಟವರೇ ಹೊರಹೋದವರ ಹೆಸರನ್ನು ಗೋಡೆಗೆ ಅಂಟಿಸಿದರೆ ಏನು ಪ್ರಯೋಜನವಾಯಿತು? ಅಡ್ಮಿನ್‌ಗೆ ತಿಳಿದದ್ದು ಊರಿಗೆ ತಿಳಿಯಲು ಎಷ್ಟು ಹೊತ್ತು ಬೇಕೆಂಬ ಪ್ರಶ್ನೆಯನ್ನು ಇಲ್ಲಿ ಕೇಳದೆ ಬಿಡುವುದೇ ಮೇಲು.

ಹಿರಿಯರ ಮಟ್ಟಿಗೆ ವಾಯ್ಸ್ ಮೆಸೇಜ್ ದೊಡ್ಡ ವರವೆಂಬುದನ್ನು ಒಂದೇ ಮಾತಿನಲ್ಲಿ ದಾಖಲಿಸುತ್ತೇನೆ. 2013ರಿಂದ ಇರುವ ಈ ಸೌಲಭ್ಯದಿಂದಾಗಿ, ಕೀಲಿಮಣೆಯಲ್ಲಿ ಅಕ್ಷರ ಹುಡುಕಲು ತಡಕಾಡುವವರೂ ಊರಿನ ಮಾತಿನಲ್ಲಿ ಭಾಗಿಯಾಗುತ್ತಾರೆ. ವಿಷಯಕ್ಕೆ ಬರಲು ನಿಧಾನಿಸುವವರನ್ನು ಒಂದೂವರೆ ಅಥವಾ ಎರಡು ಪಟ್ಟು ವೇಗದಲ್ಲಿ ಕೇಳುವ ಅನುಕೂಲ 2021ರಿಂದ ಇದೆ. ಊರಿನಲ್ಲಿ ಅದನ್ನು ಬಳಸುತ್ತಿರುವುದಾಗಿ ಯಾರೂ ಒಪ್ಪಿಕೊಳ್ಳುವುದಿಲ್ಲ.

ವಾರಾಂತ್ಯ ಹತ್ತಿರವಾದಂತೆ ತೀರ್ಮಾನಗಳ ಹೊತ್ತು ಬರುತ್ತದೆ. ಆಟೋಟದ ಸ್ಪರ್ಧೆ ಶನಿವಾರವೋ ಭಾನುವಾರವೋ, ಮೈದಾನದ ದುರಸ್ತಿ ಮೊದಲೋ ದೀಪದ ಕಂಬ ಮೊದಲೋ ಎಂದು ಕೇಳಲು 2022ರ ನವೆಂಬರ್‌ನಲ್ಲಿ ಬಂದ ಪೋಲ್ ಸೌಲಭ್ಯವನ್ನು ಬಳಸಬಹುದು; ಒಂದು ಪ್ರಶ್ನೆಗೆ 12 ಆಯ್ಕೆಗಳವರೆಗೆ ಕೊಡಬಹುದು. ನೋಡಲು ಬಹಳ ಪ್ರಜಾಸತ್ತಾತ್ಮಕವಾಗಿದೆ. ಆದರೆ ಮತ ಹಾಕಿದವರ ಹೆಸರು ಎಲ್ಲರಿಗೂ ಕಾಣುತ್ತದೆ. ಪೋಲ್ ಹಾಕಿದ ಮೊದಲ ಹತ್ತು ನಿಮಿಷ ಯಾರೂ ಅಲುಗಾಡುವುದಿಲ್ಲ. ಊರಿನಲ್ಲಿ ತೂಕವುಳ್ಳ ಒಬ್ಬರು ಒಂದು ಕಡೆಗೆ ಒತ್ತುತ್ತಾರೆ. ಆನಂತರ ಅದೇ ಕಡೆಗೆ ಸಾಲು ಬೆಳೆಯುತ್ತದೆ. ಬೇರೆ ಅಭಿಪ್ರಾಯವುಳ್ಳವರು ಮತ ಹಾಕದೆ ಉಳಿಯುತ್ತಾರೆ, ಮತ್ತು ಓದಿದವರ ಪಟ್ಟಿಯ ದೆಸೆಯಿಂದ ಅವರು ಹಾಕದೆ ಉಳಿದದ್ದೂ ತಿಳಿಯುತ್ತದೆ. ಸಭೆಯಲ್ಲಿ ಕೈ ಎತ್ತುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಬಹುದು. ಸಭೆಯಲ್ಲಿ ಎತ್ತಿದ ಕೈ ಕೆಳಗಿಳಿಯುತ್ತದೆ. ಇಲ್ಲಿ ಅದು ಎತ್ತಿದಂತೆಯೇ ಉಳಿದು, ಮುಂದಿನ ತಿಂಗಳು ಯಾರಾದರೂ ಬೆರಳಿನಿಂದ ಮೇಲಕ್ಕೆ ಜಾರಿಸಿ ತೋರಿಸಲು ಸಿಗುತ್ತದೆ. ಗುಪ್ತ ಮತದಾನದ ಒಂದು ಆಯ್ಕೆಯನ್ನು ಮೊದಲೇ ಜೊತೆಗಿಟ್ಟಿದ್ದರೆ ಊರಿಗೆ ಈ ಸೌಲಭ್ಯ ಹತ್ತು ಪಟ್ಟು ಉಪಯೋಗವಾಗುತ್ತಿತ್ತು.

ಮದುವೆಯ ಕರೆಯೋಲೆಯೂ ಈಗ ಗ್ರೂಪಿನಲ್ಲಿಯೇ ಬರುತ್ತದೆ. ಎಲ್ಲರನ್ನೂ ಒಂದೇ ಸಲ ಕರೆದ ಕರೆ ತಮ್ಮನ್ನೂ ಕರೆದ ಕರೆಯೇ ಎಂಬ ಗೊಂದಲ ಓದಿದವರನ್ನು ಕಾಡುತ್ತದೆ. ಹೋದರೆ ಕರೆಯದೆ ಬಂದರು ಎಂದಾರು, ಹೋಗದಿದ್ದರೆ ಕರೆದರೂ ಬರಲಿಲ್ಲ ಎಂದಾರು. ಬರುತ್ತೇನೆ, ಬರುವುದಿಲ್ಲ ಎಂದು ಒತ್ತಿ ತಿಳಿಸುವ ಈವೆಂಟ್ ಸೌಲಭ್ಯ 2024ರಿಂದ ಇದೆಯಾದರೂ, ಬರುವುದಿಲ್ಲ ಎಂಬುದನ್ನು ಊರೆಲ್ಲ ನೋಡುವಂತೆ ಒತ್ತುವ ಧೈರ್ಯ ಯಾರಿಗಿದೆ? ಈ ಒಂದು ವಿಚಾರದಲ್ಲಿ ಮನೆ ಬಾಗಿಲಿಗೆ ಹೋಗಿ ಕರೆಯುವುದಕ್ಕೆ, ಅಥವಾ ಕನಿಷ್ಠ ಒಬ್ಬೊಬ್ಬರಿಗೂ ಬೇರೆಯಾಗಿ ಫೋನ್ ಮಾಡುವುದಕ್ಕೆ, ಯಾವ ಆ್ಯಪೂ ಬದಲಿಯಾಗಿಲ್ಲ.

ವದಂತಿಯ ವಿಚಾರ ಇದಕ್ಕಿಂತ ಗಂಭೀರ. 2018ರಲ್ಲಿ ಭಾರತದ ಅನೇಕ ಕಡೆ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸಂದೇಶಗಳು ಹರಿದಾಡಿ ಜನ ಅಮಾಯಕರನ್ನು ಹೊಡೆದು ಕೊಂದರು. ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಆ ವರ್ಷದ ಜುಲೈ 1ರಂದು 5 ಮಂದಿ ಸತ್ತರು. ಅದೇ ತಿಂಗಳು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬ ಯುವಕ ಪ್ರಾಣ ಕಳೆದುಕೊಂಡ. ಇವು ನಡೆದದ್ದು ಮಹಾನಗರಗಳಲ್ಲಲ್ಲ, ಎಲ್ಲರೂ ಎಲ್ಲರನ್ನೂ ಬಲ್ಲ, ಹಾಗಾಗಿಯೇ ಹೊರಗಿನವರು ಎದ್ದು ಕಾಣುವ ಜಾಗಗಳಲ್ಲಿ. ಇದಾದ ಮೇಲೆ ಕಂಪನಿ ಭಾರತದಲ್ಲಿ ಒಂದು ಸಲಕ್ಕೆ 5 ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದೆಂಬ ಮಿತಿ ತಂದು, 2019ರ ಜನವರಿಯಲ್ಲಿ ಅದನ್ನು ಇಡೀ ಜಗತ್ತಿಗೆ ವಿಸ್ತರಿಸಿತು. ಒಟ್ಟು ಫಾರ್ವರ್ಡ್‌ಗಳು ಶೇ 25ರಷ್ಟು ಇಳಿದವೆಂದು ಹೇಳಿತು. 2020ರ ಏಪ್ರಿಲ್‌ನಲ್ಲಿ, ಈಗಾಗಲೇ ಐದು ಅಥವಾ ಹೆಚ್ಚು ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳುಹಿಸಬಹುದೆಂದು ಬಿಗಿಗೊಳಿಸಿತು. ಅಂಥ ಸಂದೇಶಗಳ ಹರಿವು ಶೇ 70ರಷ್ಟು ತಗ್ಗಿತೆಂದು ಪ್ರಕಟಿಸಿತು. ಎರಡು ಬಾಣಗಳ ಗುರುತು ಕಂಡರೆ ಅದು ಇಂಥ ಸಂದೇಶವೆಂದು ತಿಳಿಯಬೇಕು.

ಈ ಕ್ರಮಗಳು ಸ್ವಾಗತಾರ್ಹ, ಆದರೆ ಊರಿನ ಲೆಕ್ಕ ಬೇರೆ. ಮಿತಿಯಿರುವುದು ಎಷ್ಟು ಕಡೆಗೆ ಎಂಬುದಕ್ಕೆ, ಎಷ್ಟು ಜನರಿಗೆ ಎಂಬುದಕ್ಕಲ್ಲ. ಒಂದೇ ಕಡೆಗೆ ಎಂದಾಗ ಆ ಒಂದು ಕಡೆಯಲ್ಲಿ 1,024 ಜನರಿರಬಹುದು, ಮತ್ತು ಸಣ್ಣ ಊರಿಗೆ ಅಷ್ಟು ಸಾಕು. 2016ರ ಏಪ್ರಿಲ್‌ನಿಂದ ಸಂದೇಶಗಳೆಲ್ಲ ಕಳುಹಿಸಿದವರ ಮತ್ತು ಪಡೆದವರ ಫೋನಿನಲ್ಲಿ ಮಾತ್ರ ಓದಲು ಬರುವಂತೆ ಗೂಢಲಿಪಿಯಲ್ಲಿ ಹೋಗುತ್ತವಾದ್ದರಿಂದ ಕಂಪನಿ ಅವನ್ನು ದಾರಿಯಲ್ಲಿ ತಡೆದು ಓದಲಾರದು; ಸದಸ್ಯರೊಬ್ಬರು ದೂರು ಒತ್ತಿದಾಗ ಮಾತ್ರ ಆ ಗ್ರೂಪಿನ ಕೊನೆಯ 5 ಸಂದೇಶಗಳು ಅದಕ್ಕೆ ಸಿಗುತ್ತವೆ. ಈ ಗೋಪ್ಯತೆ ಬೇಕೇಬೇಕು. ಅದರ ಫಲವಾಗಿ ವದಂತಿ ತಡೆಯುವ ಹೊಣೆಯೆಲ್ಲ ಬಂದು ಬೀಳುವುದು ಅಡ್ಮಿನ್‌ನ ತಲೆಯ ಮೇಲೆ.

ಅಡ್ಮಿನ್ ಎಂಬ ಹುದ್ದೆಯನ್ನು ಈ ಸೇವೆ ಎಷ್ಟು ಹಗುರವಾಗಿ ಕಂಡಿದೆಯೆಂದು ಯೋಚಿಸಿದಾಗ ಆಶ್ಚರ್ಯವಾಗುತ್ತದೆ. ಯಾವತ್ತೋ ಮೊದಲು ಗ್ರೂಪ್ ತೆರೆದವರೇ ಊರಿನ ಮಾತಿನ ಕಾವಲುಗಾರರಾಗುತ್ತಾರೆ. ಸದಸ್ಯರು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಹೊಣೆಯಲ್ಲವೆಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ; ಕಾನೂನು ಬಿಟ್ಟರೂ ಊರು ಬಿಡುವುದಿಲ್ಲ. ಒಬ್ಬರ ಸಂದೇಶ ಅಳಿಸಿದರೆ ಪಕ್ಷಪಾತವೆಂಬ ಮಾತು, ಅಳಿಸದಿದ್ದರೆ ಹೊಣೆಗೇಡಿತನವೆಂಬ ಮಾತು. ಅಳಿಸಿದ ಜಾಗದಲ್ಲಿ ಅಡ್ಮಿನ್ ಅಳಿಸಿದ್ದಾರೆಂಬುದೇ ನಮೂದಾಗುವುದರಿಂದ, ಸೌಮ್ಯ ಸ್ವಭಾವದವರು ಆ ಅಧಿಕಾರವನ್ನು ಮುಟ್ಟುವುದೇ ಇಲ್ಲ.

ಹಾಗಿದ್ದರೆ ದಾರಿಯಿಲ್ಲವೇ ಎಂದರೆ, ಇದೆ. ಅಡ್ಮಿನ್‌ಗಳು ಮಾತ್ರ ಬರೆಯಬಹುದಾದ ಗ್ರೂಪ್ 2018ರಿಂದ ಸಾಧ್ಯವಿದೆ. 2022ರ ನವೆಂಬರ್‌ನಲ್ಲಿ ಬಂದ ಕಮ್ಯುನಿಟಿ ಎಂಬ ಸೌಲಭ್ಯದಲ್ಲಿ ಪ್ರಕಟಣೆಗೆ ಒಂದು ಜಾಗ, ಅದರ ಕೆಳಗೆ ಬೇರೆ ಬೇರೆ ಆಸಕ್ತಿಯವರಿಗೆ ಬೇರೆ ಗ್ರೂಪುಗಳು ಎಂಬ ವ್ಯವಸ್ಥೆಯಿದೆ. ಊರಿಗೆ ಇದು ಸಾವಿರ ಜನರ ಒಂದೇ ಗ್ರೂಪಿಗಿಂತ ಎಷ್ಟೋ ಪಾಲು ಮೇಲು: ನೀರಿನ ಸಮಯ ಒಂದು ಕಡೆ, ಹರಟೆ ಇನ್ನೊಂದು ಕಡೆ, ಶಾಲೆಯ ಮಾತು ಪೋಷಕರ ನಡುವೆ. ಇದಕ್ಕೆ ಇನ್ನೊಂದು ಬಲವಾದ ಕಾರಣವೂ ಇದೆ. ಸಾಮಾನ್ಯ ಗ್ರೂಪಿನಲ್ಲಿ ಸದಸ್ಯರ ಫೋನ್ ನಂಬರ್ ಎಲ್ಲರಿಗೂ ಕಾಣುತ್ತದೆ. ಅವೇಳೆಯಲ್ಲಿ ಬರುವ ಬೇಡದ ಸಂದೇಶಗಳಿಗೆ ಹೆದರಿ ಎಷ್ಟೋ ಹೆಣ್ಣುಮಕ್ಕಳು ಊರಿನ ಗ್ರೂಪಿಗೆ ಸೇರುವುದಿಲ್ಲ, ಅವರ ಮನೆಯ ಗಂಡಸರ ಮೂಲಕ ಸುದ್ದಿ ತಿಳಿದುಕೊಳ್ಳುತ್ತಾರೆ. ಕಮ್ಯುನಿಟಿಯ ಪ್ರಕಟಣೆಯ ಜಾಗದಲ್ಲಿ ಸದಸ್ಯರ ನಂಬರುಗಳು ಇತರ ಸದಸ್ಯರಿಗೆ ಕಾಣುವುದಿಲ್ಲ. ಊರಿನ ಅರ್ಧ ಜನರನ್ನು ಒಳಗೆ ತರುವ ಶಕ್ತಿಯಿರುವ ಈ ಒಂದು ಗುಣವನ್ನು ಕಂಪನಿ ಏಕೆ ಇನ್ನಷ್ಟು ಜೋರಾಗಿ ಹೇಳಿಕೊಳ್ಳಲಿಲ್ಲವೋ ತಿಳಿಯದು.

ಪರ್ಯಾಯಗಳಿಲ್ಲವೆಂದಲ್ಲ. ಟೆಲಿಗ್ರಾಂನಲ್ಲಿ ಒಂದು ಗ್ರೂಪಿಗೆ 2 ಲಕ್ಷ ಜನರವರೆಗೆ ಸೇರಬಹುದು, ನಂಬರ್ ಮರೆಮಾಡಬಹುದು, ಪೋಲ್‌ನಲ್ಲಿ ಹೆಸರು ಕಾಣದಂತೆ ಮತ ಕೇಳಬಹುದು. ಗೋಪ್ಯತೆಯೇ ಮುಖ್ಯವೆನ್ನುವವರಿಗೆ ಸಿಗ್ನಲ್ ಇದೆ. ಎರಡರಲ್ಲಿಯೂ ಇಲ್ಲದಿರುವುದು ಊರು. ಔಷಧದಂಗಡಿಯವರು, ವಿದ್ಯುತ್ ಕೆಲಸದವರು, ಶಾಲೆಯ ಶಿಕ್ಷಕರು ಎಲ್ಲಿದ್ದಾರೋ ಅಲ್ಲಿಗೇ ಉಳಿದವರೂ ಹೋಗಬೇಕಾಗುತ್ತದೆ.

ಈ ಅವಲಂಬನೆಯ ಆಳ ತಿಳಿಯುವುದು ಸೇವೆ ನಿಂತಾಗ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳೊಂದಿಗೆ ವಾಟ್ಸ್‌ಆ್ಯಪ್ ಕೂಡ ಸುಮಾರು 6 ಗಂಟೆ ಸ್ಥಗಿತವಾಗಿತ್ತು. ಅಂಥ ಹೊತ್ತಿನಲ್ಲಿ, ಸ್ಮಾರ್ಟ್‌ಫೋನ್ ಇಲ್ಲದ ಕಾರಣ ವಾರದ ಏಳೂ ದಿನ ಗ್ರೂಪಿನ ಹೊರಗೇ ಇರುವವರ ಸ್ಥಿತಿ ಒಳಗಿರುವವರಿಗೂ ಸ್ವಲ್ಪ ತಿಳಿದೀತು. ಪ್ರಕಟಣೆ ಹಾಕಿದ್ದೇವಲ್ಲ ಎಂದು ಊರಿನ ಸಮಿತಿಗಳು ಕೈತೊಳೆದುಕೊಳ್ಳುವುದನ್ನು ಬಿಟ್ಟು, ಕಚೇರಿಯ ಗೋಡೆಯ ಫಲಕದಲ್ಲಿಯೂ ಅದೇ ಪ್ರಕಟಣೆಯನ್ನು ಬರೆಸುವುದು ಅಗತ್ಯ; ಆ್ಯಪ್ ಎಷ್ಟೇ ಸುಧಾರಿಸಿದರೂ ಈ ಅಗತ್ಯ ತಪ್ಪುವುದಿಲ್ಲ.

ಬೆಲೆಯ ಮಾತಿಗೆ ಬಂದರೆ, ವರ್ಷಕ್ಕೆ ಒಂದು ಡಾಲರ್ ಇದ್ದ ಶುಲ್ಕವನ್ನು 2016ರ ಜನವರಿಯಲ್ಲಿ ಕೈಬಿಟ್ಟ ಮೇಲೆ ಸೇವೆ ಉಚಿತ. 2025ರಲ್ಲಿ ಪ್ರಕಟಿಸಿದ ಜಾಹೀರಾತುಗಳು ಅಪ್‌ಡೇಟ್ಸ್ ಎಂಬ ಬೇರೆ ಪುಟಕ್ಕೆ ಸೀಮಿತವಾಗಿವೆ, ಗ್ರೂಪಿನ ಒಳಗೆ ಬರುವುದಿಲ್ಲ. ನಿಜವಾದ ವೆಚ್ಚ ಫೋನಿನ ಜಾಗದ್ದು; ಗ್ರೂಪಿಗೆ ಬರುವ ಚಿತ್ರ ಮತ್ತು ವಿಡಿಯೊಗಳು ತಾವಾಗಿ ಇಳಿಯದಂತೆ ಸೆಟ್ಟಿಂಗ್ ಬದಲಿಸಿಕೊಳ್ಳದಿದ್ದರೆ ಸಣ್ಣ ಫೋನುಗಳು ಬೇಗನೆ ತುಂಬಿ ಹೋಗುತ್ತವೆ.

ಆದ್ದರಿಂದ ಪ್ರಕಟಣೆಯ ಸಾಧನವಾಗಿ ಇದಕ್ಕೆ ಐದಕ್ಕೆ ನಾಲ್ಕೂವರೆ ಅಂಕ ಕೊಡಬಹುದು, ಕೂಡಿ ಬಾಳುವವರ ಮಾತುಕತೆಯ ಜಾಗವಾಗಿ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸು ಬರುವುದಿಲ್ಲ. ಹೊಸದಾಗಿ ಊರಿನ ಗ್ರೂಪ್ ಕಟ್ಟಲು ಹೊರಟವರು ಮೊದಲೇ ಕಮ್ಯುನಿಟಿ ರೂಪದಲ್ಲಿ ಕಟ್ಟಲಿ, ಅಡ್ಮಿನ್‌ಗಳು ಒಬ್ಬರೇ ಇರದೆ ಬೇರೆ ಬೇರೆ ಬೀದಿಗಳ ಮೂವರೋ ನಾಲ್ವರೋ ಇರಲಿ, ಅವರಲ್ಲಿ ಹೆಂಗಸರೂ ಇರಲಿ. ತಾನಾಗಿ ಸಂದೇಶ ಮಾಯವಾಗುವ ಸೆಟ್ಟಿಂಗನ್ನು ಹರಟೆಯ ಗ್ರೂಪಿಗೆ 7 ದಿನಕ್ಕೆ ಹಾಕಿಡುವುದು ಒಳ್ಳೆಯದು. ಈ ವಾರದ ಜಗಳ ಮುಂದಿನ ವಾರಕ್ಕೆ ಗ್ರೂಪಿನಲ್ಲಿ ಉಳಿಯುವುದಿಲ್ಲ. ಪ್ರಕಟಣೆಯ ಜಾಗಕ್ಕೆ ಅದೇ ಸೆಟ್ಟಿಂಗ್ ಬೇಡ, ಏಕೆಂದರೆ ನೀರಿನ ಟ್ಯಾಂಕರಿನವರ ನಂಬರನ್ನು ಹದಿನೈದು ದಿನ ಕಳೆದ ಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ.